ಇದ್ದೂ ಸಿಗದ ಒತ್ತಕ್ಷರ

ಮನೆಯಲ್ಲಿ ಒಂದು ವಸ್ತು ಇಲ್ಲದಿದ್ದರೆ ಅದು ಒಂದು ಬಗೆಯ ಕೊರತೆ. ಇದ್ದೂ ಸಿಗದಿದ್ದರೆ ಅದು ಬೇರೆಯೇ ಬಗೆಯದು. ಇಲ್ಲದುದನ್ನು ಅಂಗಡಿಯಿಂದ ಕೊಂಡು ತರಬಹುದು, ನೆರೆಮನೆಯಲ್ಲಿ ಕೇಳಬಹುದು, ಎರಡೂ ಸಾಗದಿದ್ದರೆ ‘ನಮ್ಮಲ್ಲಿಲ್ಲ’ ಎಂದು ಸುಮ್ಮನಾಗಬಹುದು. ಇದ್ದೂ ಸಿಗದುದಕ್ಕೆ ಈ ಸಮಾಧಾನವಿಲ್ಲ. ಕೆಲಸ ಮುಗಿದ ಮೇಲೆ, ಬೇಡವಾದ ದಿನ, ಅದು ತಾನಾಗಿ ಕಣ್ಣಿಗೆ ಬಿದ್ದು ನಮ್ಮನ್ನು ನಾಚಿಸುತ್ತದೆ. ಅವ್ವ ತೀರಿಕೊಂಡ ವರ್ಷ ನನಗೆ ಈ ಎರಡನೆಯ ಬಗೆಯ ಕೊರತೆಯ ಅನುಭವವು ಎರಡು ಸಲ ಆಯಿತು. ಒಮ್ಮೆ ಅವಳ ಅಡುಗೆಮನೆಯಲ್ಲಿ. ಇನ್ನೊಮ್ಮೆ ರಾಯದುರ್ಗದ ಒಂದು ಗಣಕಯಂತ್ರದ ಅಂಗಡಿಯಲ್ಲಿ. ಎರಡನೆಯದನ್ನು ಕುರಿತು ಬರೆಯಬೇಕೆಂದು ಬಹುದಿನಗಳಿಂದ ಎಣಿಸಿದ್ದೆ. ಗಡಿಯ ಈಚೆಗೆ ಬಾಳುತ್ತಿರುವ ನಮ್ಮ ಕನ್ನಡ ಕುಟುಂಬಗಳಿಗೆ ಇದರಿಂದ ಒಂದಿಷ್ಟು ಉಪಯೋಗವಾದೀತೆಂಬ ಆಸೆ ನನ್ನದು.

ನನ್ನ ತವರು ಭೈರವಾನಿತಿಪ್ಪ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ೧೯೦೭ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವನ್ನು ದಾಟಿ, ಚಳ್ಳಕೆರೆಯ ಸೀಮೆಯನ್ನು ಹಾದು ಬರುವ ನದಿಗೆ ನಮ್ಮೂರಿನಲ್ಲಿಯೂ ಒಂದು ಅಣೆಕಟ್ಟು ಇದೆಯೆಂಬುದು ವಾಚಕರಲ್ಲಿ ಹಲವರಿಗೆ ತಿಳಿದ ಸಂಗತಿಯೇ. ಆ ನದಿಯನ್ನು ಕೆಲವರು ವೇದಾವತಿ ಎನ್ನುತ್ತಾರೆ, ಕೆಲವರು ಹಗರಿ ಎನ್ನುತ್ತಾರೆ. ನೀರು ಒಂದೇ, ಹೆಸರು ಎರಡು. ಅವ್ವ ಹುಟ್ಟಿದುದು ರಾಯದುರ್ಗ ತಾಲೂಕಿನ ಒಂದು ಹಳ್ಳಿಯಲ್ಲಿ. ಆ ತಾಲೂಕು ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. ಅಲ್ಲಿಯೇ ನಾಲ್ಕನೆಯ ತರಗತಿಯವರೆಗೆ ಕನ್ನಡ ಓದಿದಳು. ೧೯೫೩ರ ಅಕ್ಟೋಬರ್ ಒಂದರಂದು ಆಂಧ್ರ ರಾಜ್ಯವು ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ಈ ಮೂರು ತಾಲೂಕುಗಳು ಅತ್ತ ಸೇರಿದವು. ಅವ್ವ ಊರು ಬಿಟ್ಟು ಕದಲಲಿಲ್ಲ. ರಾಜ್ಯವೇ ಅವಳ ಸುತ್ತ ಬದಲಾಯಿತು. ಸಂತೆಯ ತೆಲುಗು ಅವಳಿಗೆ ಸಲೀಸಾಗಿ ಬರುತ್ತಿದ್ದಿತು. ಆದರೆ ಓದುವುದೆಂದರೆ ಕನ್ನಡವೊಂದೇ. ತೆಲುಗು ಲಿಪಿಯನ್ನು ಕಂಡಾಗ, ‘ನಮ್ಮ ಅಕ್ಷರಗಳೇ ತಲೆಗೆ ಬೇರೆ ರುಮಾಲು ಸುತ್ತಿಕೊಂಡು ನಿಂತಿವೆ, ಗುರುತು ಸಿಗೋದಿಲ್ಲ’ ಎಂದು ನಗುತ್ತಿದ್ದಳು.

೨೦೧೮ರ ಜನವರಿಯಲ್ಲಿ ಅವ್ವ ತೀರಿಕೊಂಡಳು. ಮೂರನೆಯ ದಿನದ ಕಾರ್ಯಕ್ಕೆ ಎಳ್ಳು ಬೇಕಾಯಿತು. ಅವಳ ಅಡುಗೆಮನೆಯ ಮೂಲೆಯಲ್ಲಿ ಅಡಕಲು ಗಡಿಗೆಗಳ ಸಾಲು ಇದ್ದಿತು. ದೊಡ್ಡದರ ಮೇಲೆ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು. ಯಾವ ಗಡಿಗೆಯ ಮೇಲೂ ಹೆಸರಿಲ್ಲ. ಕತ್ತಲೆಯಲ್ಲಿ ಕೈಹಾಕಿ ಬೇಕಾದುದನ್ನು ತೆಗೆಯುವಷ್ಟು ಅವಳಿಗೆ ಅದು ಅಭ್ಯಾಸ. ನಾನೂ ಅತ್ತಿಗೆಯೂ ಅರ್ಧ ಗಂಟೆ ಹುಡುಕಿದೆವು. ಹುರುಳಿ ಸಿಕ್ಕಿತು, ಮೆಂತ್ಯ ಸಿಕ್ಕಿತು, ನನ್ನ ಬಾಣಂತನದ ಕಾಲದ ಒಂದು ಗಂಟು ಒಣಶುಂಠಿಯೂ ಸಿಕ್ಕಿತು. ಎಳ್ಳು ಮಾತ್ರ ಸಿಕ್ಕಲಿಲ್ಲ. ಕೊನೆಗೆ ಅಂಗಡಿಯಿಂದ ತರಿಸಿದೆವು. ಒಂದು ತಿಂಗಳ ತರುವಾಯ ಎರಡನೆಯ ಸಾಲಿನ ನಾಲ್ಕನೆಯ ಗಡಿಗೆಯಲ್ಲಿ, ಬಟ್ಟೆ ಕಟ್ಟಿದ ಬಾಯಿಯ ಕೆಳಗೆ, ಎರಡು ಸೇರು ಎಳ್ಳು ಇದ್ದಿತು.

ಇನ್ನು ಅಂಗಡಿಯ ಕಥೆ. ಉತ್ತರಕ್ರಿಯೆಯ ಪತ್ರಿಕೆಯನ್ನು ಮಾಡಿಸಲು ಅಣ್ಣನೂ ನಾನೂ ರಾಯದುರ್ಗಕ್ಕೆ ಹೋದೆವು. ಅಂಗಡಿಯ ಹುಡುಗನು ಚಿಕ್ಕಂದಿನಲ್ಲಿ ನನ್ನ ಶಾಲೆಯ ಪಕ್ಕದ ತೆಲುಗು ಶಾಲೆಯಲ್ಲಿ ಓದಿದವನು. ನನ್ನನ್ನು ಇಂದಿಗೂ ‘ಟೀಚರಮ್ಮ’ ಎಂದೇ ಕರೆಯುತ್ತಾನೆ. ಪತ್ರಿಕೆಯ ಒಕ್ಕಣೆಯನ್ನು ಅಣ್ಣನ ಮಗನು ಮೊಬೈಲ್ ಫೋನಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟಿದ್ದನು. ಹುಡುಗನು ಅದನ್ನು ತನ್ನ ಚಿತ್ರರಚನೆಯ ತಂತ್ರಾಂಶಕ್ಕೆ ಇಳಿಸಿಕೊಂಡನು. ಅವ್ವನ ಭಾವಚಿತ್ರದ ಕೆಳಗೆ ಅಕ್ಷರಗಳು ಮೂಡಿದವು. ನೋಡಿದರೆ ಒತ್ತಕ್ಷರಗಳೆಲ್ಲ ಒಡೆದುಹೋಗಿದ್ದವು! ಕೆಳಗೆ ಇಳಿಯಬೇಕಾದ ಒತ್ತು ಸಾಲಿನಲ್ಲಿಯೇ ನಿಂತಿದ್ದಿತು. ‘ಅವ್ವ’ ಎಂಬುದು ‘ಅವ್‌ವ’ ಎಂದಾಗಿದ್ದಿತು. ಊರಿನ ಹೆಸರು ‘ಭೈರವಾನಿತಿಪ್‌ಪ’. ಅವ್ವನ ಹೆಸರಿನ ಕೊನೆಯಲ್ಲಿದ್ದ ‘ಅಮ್ಮ’ ಎರಡು ತುಂಡಾಗಿದ್ದಿತು.

ಆ ಹೊತ್ತಿನಲ್ಲಿ ನನಗೆ ಹೊಳೆದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ನಲವತ್ತಕ್ಕೆ ಸಮೀಪದ ವರ್ಷಗಳ ಕಾಲ ಮಕ್ಕಳಿಗೆ ಒತ್ತಕ್ಷರ ಕಲಿಸಿದ ನಾನು ಇದನ್ನು ಎಂದೂ ಗಮನಿಸಿರಲಿಲ್ಲ. ನಮ್ಮ ಬಾಂಧವ್ಯದ ಮಾತುಗಳಲ್ಲಿ ಬಹುಪಾಲು ಒತ್ತಕ್ಷರದ ಮೇಲೆಯೇ ನಿಂತಿವೆ. ಅಪ್ಪ, ಅಮ್ಮ, ಅವ್ವ, ಅಣ್ಣ, ಅಕ್ಕ, ತಮ್ಮ, ಅಜ್ಜ, ಅಜ್ಜಿ, ಅತ್ತೆ, ಅತ್ತಿಗೆ, ಚಿಕ್ಕಪ್ಪ, ದೊಡ್ಡಮ್ಮ. ಮಾವ, ತಂಗಿ, ಸೊಸೆ ಮುಂತಾದ ಕೆಲವರು ಮಾತ್ರ ಪಾರಾಗುತ್ತಾರೆ. ಪತ್ರಿಕೆಯ ಕೆಳಗೆ ‘ದುಃಖತಪ್ತರು’ ಎಂದು ಬರೆದ ಪಟ್ಟಿಯಲ್ಲಿ ಇಡೀ ಬಂಧುಬಳಗವೇ ಮುರಿದು ನಿಂತಿದ್ದಿತು. ‘ಕನ್ನಡ’ ಎಂಬ ಹೆಸರನ್ನೇ ಒತ್ತಿಲ್ಲದೆ ಬರೆಯಲಾಗದಲ್ಲ!

ಹುಡುಗನು ಪಾಪ, ಬಹಳ ಪ್ರಯತ್ನಿಸಿದನು. ಬೇರೆ ಬೇರೆ ಅಕ್ಷರಶೈಲಿಗಳನ್ನು ಹಾಕಿ ನೋಡಿದನು. ಯಂತ್ರವನ್ನು ನಿಲ್ಲಿಸಿ ಮತ್ತೆ ಹೊರಡಿಸಿದನು. ಪರದೆಯ ಮೇಲ್ಭಾಗದ ಪಟ್ಟಿಗಳನ್ನು ಒಂದೊಂದಾಗಿ ತೆರೆದನು. ಒಂದು ಪಟ್ಟಿಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಎಲ್ಲವೂ ಅಡಕಲು ಗಡಿಗೆಗಳಂತೆ. ರಾತ್ರಿ ಹತ್ತು ಗಂಟೆಯಾಯಿತು. ಮರುದಿನ ಬೆಳಿಗ್ಗೆ ಪತ್ರಿಕೆ ಹಂಚಲೇಬೇಕು. ಬಳ್ಳಾರಿಗೆ ಹೋಗಿ ಮಾಡಿಸಿ ತರುವಷ್ಟು ಸಮಯವಿರಲಿಲ್ಲ. ಕೊನೆಗೆ ಅವನು ಮೆಲ್ಲಗೆ ಹೇಳಿದನು: “ಟೀಚರಮ್ಮ, ತಪ್ಪು ತಿಳ್ಕೋಬೇಡಿ. ತೆಲುಗಾದ್ರೆ ನನ್ನ ಹತ್ರ ಹಳೇ ಫಾಂಟು ಇದೆ, ಒತ್ತು ಸರಿಯಾಗಿ ಬರುತ್ತೆ. ತೆಲುಗಲ್ಲೇ ಮಾಡ್ಲಾ?”

ಅಣ್ಣನು ನನ್ನ ಮುಖ ನೋಡಿದನು. ನಾನು ತಲೆಯಾಡಿಸಿದೆ. ಕನ್ನಡವನ್ನು ಮಾತ್ರ ಓದಬಲ್ಲವಳಾಗಿದ್ದ ನಮ್ಮ ಅವ್ವನ ಕೊನೆಯ ಪತ್ರಿಕೆಯು ಅವಳು ಓದಲಾರದ ಲಿಪಿಯಲ್ಲಿ ಅಚ್ಚಾಯಿತು. ಯಾರೂ ನಮ್ಮನ್ನು ಒತ್ತಾಯಿಸಿರಲಿಲ್ಲ. ತೆಲುಗಿನ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಆ ಭಾಷೆಯವರ ನಡುವೆಯೇ ನಮ್ಮ ಬದುಕು, ಅವರೇ ಅಂದು ಹೆಗಲು ಕೊಟ್ಟವರು. ಆದರೂ ಪತ್ರಿಕೆಯ ಕಟ್ಟನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಾಗ, ಕನ್ನಡದ ಟೀಚರಮ್ಮ ಎನಿಸಿಕೊಂಡ ನನಗೆ ತೊಡೆಯ ಮೇಲಿನ ಆ ಚೀಲವು ಭಾರವೆನಿಸಿತು.

ಅದೇ ವರ್ಷ ದೀಪಾವಳಿಗೆ ಅಣ್ಣನ ಮಗಳು ಬೆಂಗಳೂರಿನಿಂದ ಬಂದಳು. ಅವಳು ಗಣಕಯಂತ್ರದಲ್ಲಿ ಚಿತ್ರ, ಪುಸ್ತಕದ ಹೊದಿಕೆ ಮುಂತಾದುವನ್ನು ರಚಿಸುವ ಕೆಲಸದಲ್ಲಿದ್ದಾಳೆ. ಅವ್ವನ ವರ್ಷದ ಕಾರ್ಯದ ಪತ್ರಿಕೆಯನ್ನು ಈಗಲೇ ಮಾಡಿಸಿಡೋಣವೆಂದು ಅವಳನ್ನು ಅದೇ ಅಂಗಡಿಗೆ ಕರೆದುಕೊಂಡು ಹೋದೆ. ಅದೇ ಹುಡುಗ, ಅದೇ ಯಂತ್ರ, ಅದೇ ತಂತ್ರಾಂಶ. ಅಕ್ಷರಗಳು ಹಿಂದಿನಂತೆಯೇ ಒಡೆದು ಬಂದವು. ಅವಳು, “ಸ್ವಲ್ಪ ಸರಿ ಅಣ್ಣ” ಎಂದು ಕುರ್ಚಿಯಲ್ಲಿ ಕುಳಿತಳು. ‘ಎಡಿಟ್’ ಎಂಬ ಪಟ್ಟಿಯನ್ನು ತೆರೆದಳು. ಅದರ ತಳದಲ್ಲಿ ‘ಪ್ರೆಫರೆನ್ಸಸ್’ ಎಂದಿದ್ದಿತು. ಅದರೊಳಗೆ ‘ಟೈಪ್’. ಅದರೊಳಗೆ ಎರಡು ಸಣ್ಣ ಗುಂಡಿಗಳು. ಒಂದರ ಮುಂದೆ ‘ಈಸ್ಟ್ ಏಷ್ಯನ್’ ಎಂದೂ, ಇನ್ನೊಂದರ ಮುಂದೆ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಎಂದೂ ಬರೆದಿದ್ದಿತು. ಎರಡನೆಯದನ್ನು ಒತ್ತಿ, ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆದು, ಹೊಸ ಹಾಳೆಯಲ್ಲಿ ಒಕ್ಕಣೆಯನ್ನು ಇಳಿಸಿದಳು. ಒತ್ತುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಇಳಿದವು. ಅವ್ವನ ಹೆಸರು ಇಡಿಯಾಗಿ ಮೂಡಿತು.

ಎರಡು ನಿಮಿಷವೂ ಹಿಡಿಯಲಿಲ್ಲ. ನಾನು ಕೇಳಿದೆ: “ಇದು ಹೊಸದಾಗಿ ಬಂದದ್ದೇನೇ?”

“ಇಲ್ಲತ್ತೆ, ಮೊದಲಿಂದಲೂ ಇದರಲ್ಲೇ ಇತ್ತು.”

“ಜನವರಿಯಲ್ಲೂ ಇತ್ತೇ?”

ಅವಳು ನನ್ನ ಮುಖ ನೋಡಿ ಏನೂ ಹೇಳಲಿಲ್ಲ. ಹುಡುಗನೂ ತಲೆ ತಗ್ಗಿಸಿದನು. ನನಗೆ ಎರಡನೆಯ ಸಾಲಿನ ನಾಲ್ಕನೆಯ ಗಡಿಗೆಯ ನೆನಪಾಯಿತು.

ಆ ಮೇಲೆ ಈ ವಿಷಯವನ್ನು ಅವಳಿಂದ ಕೇಳಿ, ಓದಿ, ಅಷ್ಟಿಷ್ಟು ತಿಳಿದುಕೊಂಡೆ. ಒತ್ತು ಏಕೆ ಒಡೆಯುತ್ತದೆ ಎಂಬುದು ಬಹಳ ಕಷ್ಟದ ವಿಷಯವಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿಯಿರಲೆಂದು ಏರ್ಪಡಿಸಿದ ಯೂನಿಕೋಡಿನಲ್ಲಿ, ೧೯೯೧ರ ಮೊದಲನೆಯ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಅದರಲ್ಲಿ ‘ಪ್ಪ’ ಎಂಬುದು ಒಂದೇ ಅಕ್ಷರವಾಗಿ ಇರುವುದಿಲ್ಲ. ‘ಪ’, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ‘ಪ’ ಎಂದು ಮೂರು ಸಂಕೇತಗಳಾಗಿ ಇರುತ್ತದೆ. ಈ ಮೂರನ್ನು ಹೆಣೆದು ಒತ್ತಕ್ಷರವನ್ನಾಗಿ ತೋರಿಸುವುದು ಆಯಾ ತಂತ್ರಾಂಶದ ಕೆಲಸ. ಆ ಹೆಣಿಗೆಯನ್ನು ಬಲ್ಲ ಭಾಗವು ಎಚ್ಚರವಾಗಿದ್ದರೆ ಒತ್ತು ಕೆಳಗಿಳಿಯುತ್ತದೆ. ಮಲಗಿದ್ದರೆ ಮೂರೂ ಸಾಲಾಗಿ ನಿಲ್ಲುತ್ತವೆ. ಹುಡುಗನ ಬಳಿಯಿದ್ದ ಹಳೆಯ ತೆಲುಗು ಅಕ್ಷರಶೈಲಿಗಳು ಯೂನಿಕೋಡಿಗೆ ಸೇರಿದವಲ್ಲ. ಅವುಗಳಲ್ಲಿ ಒತ್ತಿನ ರೂಪಗಳನ್ನೇ ಬಿಡಿಬಿಡಿಯಾಗಿ ಮಾಡಿಟ್ಟಿರುವುದರಿಂದ ಹೆಣೆಯುವವನ ಹಂಗು ಇರಲಿಲ್ಲ. ಮೊಬೈಲ್ ಫೋನಿನಿಂದ ಬಂದ ನಮ್ಮ ಕನ್ನಡಕ್ಕೆ ಆ ಹಂಗು ಇದ್ದಿತು.

ಹೆಣೆಯುವವನು ಮನೆಯೊಳಗೇ ಮಲಗಿದ್ದನು. ಅವನನ್ನು ಎಬ್ಬಿಸುವ ಗುಂಡಿಯು ನಾಲ್ಕು ಬಾಗಿಲುಗಳ ಒಳಗೆ ಇದ್ದಿತು. ಬಾಗಿಲ ಮೇಲಿನ ಹೆಸರಾದರೂ ನಮ್ಮ ಊಹೆಗೆ ನಿಲುಕುವಂತಹದೇ? ಒತ್ತಕ್ಷರ ಸರಿಪಡಿಸಲು ಹೊರಟವನು ‘ಮಧ್ಯಪ್ರಾಚ್ಯ’ ಎಂಬ ಹೆಸರಿನ ಬಾಗಿಲನ್ನು ಏಕೆ ತಟ್ಟುತ್ತಾನೆ? ಅರಬ್ಬಿಯಂತೆ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳನ್ನೂ, ನಮ್ಮಂತೆ ಅಕ್ಷರಗಳನ್ನು ಹೆಣೆಯುವ ಲಿಪಿಗಳನ್ನೂ ಒಂದೇ ಯಂತ್ರಭಾಗವು ನೋಡಿಕೊಳ್ಳುವುದರಿಂದ ಎರಡಕ್ಕೂ ಒಂದೇ ಹೆಸರಿಟ್ಟಿದ್ದರು. ಕಟ್ಟಿದವನ ದೃಷ್ಟಿಯಿಂದ ಅದು ಸರಿಯಾದ ವಿಂಗಡಣೆಯೇ. ಅವ್ವನ ಗಡಿಗೆಗಳ ಜೋಡಣೆಯೂ ಅವ್ವನಿಗೆ ಸರಿಯಾಗಿಯೇ ಇದ್ದಿತು.

ಈ ತೊಡಕು ಹೇಗೆ ಬೆಳೆಯಿತೆಂಬುದಕ್ಕೂ ಒಂದು ಚರಿತ್ರೆಯಿದೆ. ಮೊದಮೊದಲು ಗಣಕಯಂತ್ರಕ್ಕೆ ಆಜ್ಞೆ ಕೊಡಬೇಕಾದರೆ ಆಜ್ಞೆಯ ಮಾತನ್ನು ಬಾಯಿಪಾಠ ಮಾಡಿ ಬೆರಳಚ್ಚಿಸಬೇಕಾಗಿದ್ದಿತು. ೧೯೭೦ರ ದಶಕದಲ್ಲಿ ಅಮೆರಿಕೆಯ ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ ಚಿತ್ರಗಳನ್ನೂ ಪಟ್ಟಿಗಳನ್ನೂ ತೋರಿಸಿ ಆರಿಸಿಕೊಳ್ಳುವ ಕ್ರಮವನ್ನು ಬೆಳೆಸಿದರು. ೧೯೮೪ರಲ್ಲಿ ಬಂದ ಮ್ಯಾಕಿಂತೋಷ್ ಯಂತ್ರವು ಅದನ್ನು ಸಾಮಾನ್ಯರ ಮೇಜಿಗೆ ತಂದಿತು. ನೆನಪಿಟ್ಟುಕೊಳ್ಳುವುದಕ್ಕಿಂತ ಕಂಡು ಗುರುತಿಸುವುದು ಸುಲಭವೆಂಬುದು ಇದರ ಹಿಂದಿನ ತತ್ತ್ವ. ಹೋಟೆಲಿನಲ್ಲಿ ತಿಂಡಿಗಳ ಹೆಸರನ್ನು ಹಲಗೆಯ ಮೇಲೆ ಬರೆದಿಟ್ಟಂತೆ. ಹತ್ತು ತಿಂಡಿಗಳಿದ್ದಾಗ ಹಲಗೆಯು ಉಪಕಾರಿ. ಸಾವಿರವಾದರೆ? ಬರವಣಿಗೆಯ ‘ವರ್ಡ್’ ತಂತ್ರಾಂಶದ ಆಜ್ಞೆಗಳು ವರ್ಷವರ್ಷವೂ ಬೆಳೆದು ಸಾವಿರವನ್ನು ದಾಟಿದವು. ಜನರು ಬೇಕೆಂದು ಕೇಳುತ್ತಿದ್ದ ಸೌಕರ್ಯಗಳಲ್ಲಿ ಎಷ್ಟೋ ಆಗಲೇ ಅದರೊಳಗೆ ಇದ್ದವೆಂಬುದು ಅದನ್ನು ರಚಿಸಿದವರಿಗೇ ತಿಳಿದುಬಂದಿತು. ಆದುದರಿಂದ ೨೦೦೭ರ ಆವೃತ್ತಿಯಲ್ಲಿ ಹಳೆಯ ಪಟ್ಟಿಗಳನ್ನು ತೆಗೆದು, ಕೆಲಸಕ್ಕೆ ತಕ್ಕಂತೆ ಗುಂಪು ಮಾಡಿದ ‘ರಿಬ್ಬನ್’ ಎಂಬ ಅಗಲವಾದ ಪಟ್ಟಿಯನ್ನು ತಂದರು. ಹೊಸಬರಿಗೆ ಅದು ಅನುಕೂಲವಾಯಿತು. ಹಳೆಯ ದಾರಿಗೆ ಕೈ ಪಳಗಿದ್ದವರು ಗೊಣಗಿದರು.

ಇದನ್ನು ಓದುವಾಗ ನನಗೆ ೧೯೮೦ರ ದಶಕದಲ್ಲಿ ಶಾಲೆಯ ಸಂಚಿಕೆಗಾಗಿ ಬಳ್ಳಾರಿಯ ಒಂದು ಅಚ್ಚುಕೂಟಕ್ಕೆ ಹೋಗುತ್ತಿದ್ದ ದಿನಗಳು ನೆನಪಾದವು. ಅಲ್ಲಿ ಅಚ್ಚಿನ ಮೊಳೆ ಜೋಡಿಸುವ ಹಿರಿಯರೊಬ್ಬರಿದ್ದರು. ಮರದ ಮನೆಗಳುಳ್ಳ ದೊಡ್ಡ ಪೆಟ್ಟಿಗೆಯ ಮುಂದೆ ನಿಂತು, ನನ್ನೊಡನೆ ಮಾತನಾಡುತ್ತಲೇ, ನೋಡದೆ ಕೈಹಾಕಿ ಮೊಳೆ ತೆಗೆಯುತ್ತಿದ್ದರು. ಒತ್ತುಗಳಿಗೆ ಬೇರೆಯೇ ಮನೆಗಳು. ಹೆಚ್ಚಾಗಿ ಬೇಕಾಗುವ ಅಕ್ಷರಗಳು ಕೈಗೆ ಹತ್ತಿರ, ಅಪರೂಪದವು ಅಂಚಿನಲ್ಲಿ. ಹೊಸದಾಗಿ ಸೇರಿದ ಹುಡುಗನಿಗೆ ಅವರು ಮೊದಲ ವಾರ ಪೆಟ್ಟಿಗೆಯ ಮನೆಗಳನ್ನು ತೋರಿಸುವುದನ್ನು ಬಿಟ್ಟು ಬೇರೇನನ್ನೂ ಮಾಡಿಸುತ್ತಿರಲಿಲ್ಲ. ಇಂದಿನ ಅಂಗಡಿಯ ಹುಡುಗನ ಪಕ್ಕದಲ್ಲಿ ಅಂತಹ ಹಿರಿಯರು ಯಾರಿದ್ದಾರೆ? ಅವನ ಪೆಟ್ಟಿಗೆಗೆ ನೂರಾರು ಮನೆಗಳು. ತೋರಿಸಿಕೊಡುವವರು ಮಾತ್ರ ಒಬ್ಬರೂ ಇಲ್ಲ. ಕೆ. ಪಿ. ರಾವ್ ಅವರು ಕನ್ನಡಕ್ಕಾಗಿ ರೂಪಿಸಿದ ಕೀಲಿಮಣೆಯಲ್ಲಿ ‘ಎಫ್’ ಎಂಬ ಕೀಲಿಯನ್ನು ನಡುವೆ ಒತ್ತಿದರೆ ಒತ್ತಕ್ಷರವಾಗುತ್ತದೆ. ಕೀಲಿಯ ಮೇಲೆ ಹಾಗೆಂದು ಬರೆದಿರುವುದಿಲ್ಲ. ಒಬ್ಬರು ಹೇಳಿಕೊಟ್ಟರೆ ಅರ್ಧ ನಿಮಿಷದ ಪಾಠ. ಹೇಳಿಕೊಡದಿದ್ದರೆ ಕನ್ನಡವೇ ಬರೆಯಲಾಗದು.

ಹಾಗಾದರೆ ಹೇಳಿಕೊಡುವವರಿಲ್ಲದ ಕಡೆ ಏನು ಮಾಡಬೇಕು? ಪಟ್ಟಿಯೊಳಗೆ ಅಲೆಯುವುದನ್ನು ಬಿಟ್ಟು, ಬೇಕಾದುದರ ಹೆಸರನ್ನು ಬರೆದು ಕೇಳುವ ಅನುಕೂಲವನ್ನು ಈಗ ಹಲವು ತಂತ್ರಾಂಶಗಳು ಕಲ್ಪಿಸಿವೆ. ೨೦೦೭ರಲ್ಲಿ ಮ್ಯಾಕಿಂತೋಷಿನ ‘ಲೆಪರ್ಡ್’ ಎಂಬ ಆವೃತ್ತಿಯಲ್ಲಿ ಸಹಾಯದ ಪಟ್ಟಿಯೊಳಗೆ ಒಂದು ಹುಡುಕುವ ಪೆಟ್ಟಿಗೆ ಬಂದಿತು. ಆಜ್ಞೆಯ ಹೆಸರನ್ನು ಬರೆದರೆ ಅದು ಇರುವ ಪಟ್ಟಿಯನ್ನೇ ತೆರೆದು, ಬಾಣದಿಂದ ಬೊಟ್ಟುಮಾಡಿ ತೋರಿಸುತ್ತಿದ್ದಿತು. ಇದು ನನಗೆ ತುಂಬ ಮೆಚ್ಚಿಗೆಯಾದ ಸಂಗತಿ. ಕೆಲಸವನ್ನು ಮಾಡಿಕೊಡುವುದರ ಜೊತೆಗೆ ದಾರಿಯನ್ನೂ ಕಲಿಸುವುದು ಒಳ್ಳೆಯ ಉಪಾಧ್ಯಾಯರ ಲಕ್ಷಣವಷ್ಟೆ. ಉಚಿತವಾಗಿ ದೊರೆಯುವ ಚಿತ್ರರಚನೆಯ ತಂತ್ರಾಂಶಗಳಲ್ಲಿಯೂ ಈ ಸೌಕರ್ಯವಿದೆ. ‘ಗಿಂಪ್’ ತಂತ್ರಾಂಶದ ೨೦೧೮ರ ಆವೃತ್ತಿಯಲ್ಲಿ ಓರೆಗೆರೆಯ ಕೀಲಿಯನ್ನೊತ್ತಿದರೆ ಹುಡುಕುವ ಪೆಟ್ಟಿಗೆ ತೆರೆಯುತ್ತದೆ. ‘ಬ್ಲೆಂಡರ್’ ಎಂಬುದರ ೨೦೧೯ರ ಆವೃತ್ತಿಯಿಂದ ‘ಎಫ್-೩’ ಕೀಲಿ. ‘ಇಂಕ್‌ಸ್ಕೇಪ್’ ಎಂಬುದರಲ್ಲಿ ೨೦೨೧ರಿಂದ ಪ್ರಶ್ನಾರ್ಥಕ ಚಿಹ್ನೆಯ ಕೀಲಿ. ನಮ್ಮ ಮಕ್ಕಳು ಇಂತಹ ಕೆಲಸ ಕಲಿಯುತ್ತಿದ್ದರೆ ಮೊದಲು ಈ ಕೀಲಿಗಳನ್ನು ಅವರಿಗೆ ತಿಳಿಸಿಕೊಡುವುದು ಒಳ್ಳೆಯದು.

ಆದರೆ ಇಷ್ಟರಿಂದಲೇ ತೊಡಕು ತೀರಲಿಲ್ಲ. ಹೆಸರು ಬರೆದು ಕೇಳಬೇಕಾದರೆ ಹೆಸರು ಗೊತ್ತಿರಬೇಕಲ್ಲವೇ? ೧೯೮೭ರಲ್ಲಿ ಜಾರ್ಜ್ ಫರ್ನಾಸ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಒಂದು ಪ್ರಸಿದ್ಧ ಪ್ರಬಂಧದಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದ್ದಾರೆ. ಒಂದೇ ವಸ್ತುವಿಗೆ ಇಬ್ಬರು ತಮ್ಮಷ್ಟಕ್ಕೆ ತಾವು ಹೆಸರಿಟ್ಟರೆ, ಇಬ್ಬರೂ ಒಂದೇ ಹೆಸರನ್ನು ಆರಿಸುವುದು ನೂರಕ್ಕೆ ಇಪ್ಪತ್ತು ಸಲಕ್ಕಿಂತಲೂ ಕಡಿಮೆಯಂತೆ. ಆದುದರಿಂದ ಒಂದು ಆಜ್ಞೆಗೆ ಒಂದೇ ಹೆಸರು ಸಾಲದು. ಜನರು ಬಳಸಬಹುದಾದ ಹಲವು ಹೆಸರುಗಳಿಂದಲೂ ಅದು ಸಿಗುವಂತಿರಬೇಕೆಂಬುದು ಅವರ ಸಲಹೆ. ಗಡಿನಾಡಿನವರಿಗೆ ಇದನ್ನು ಯಾವ ಪಂಡಿತರೂ ಹೇಳಬೇಕಾಗಿಲ್ಲ. ನಾವು ‘ತೂಬು’ ಎಂದುದನ್ನು ಪಕ್ಕದ ಮನೆಯವರು ‘ತೂಮು’ ಎನ್ನುತ್ತಾರೆ. ನಮ್ಮ ನದಿಗೇ ಎರಡು ಹೆಸರು. ವೇದಾವತಿಯನ್ನು ಕೇಳಿಕೊಂಡು ಬಂದವನಿಗೆ ‘ಇಲ್ಲಿ ಅಂಥ ಹೊಳೆ ಇಲ್ಲ, ಇದು ಹಗರಿ’ ಎಂದು ಹೇಳಿ ಕಳುಹಿಸಿದರೆ ಅವನು ನೀರಿನ ದಡದಲ್ಲಿ ನಿಂತು ಬಾಯಾರಿ ಹಿಂದಿರುಗಿದಂತಾಗುತ್ತದೆ.

ತೂಬೆಂದಾಗ ಮತ್ತೊಂದು ಮಾತು. ಕೆರೆ ತುಂಬಿದ್ದರೂ ತೂಬು ಎಲ್ಲಿದೆಯೆಂದು ತಿಳಿಯದಿದ್ದರೆ ಗದ್ದೆಗೆ ನೀರಿಲ್ಲ. ನಮ್ಮ ಹಳ್ಳಿಗಳಲ್ಲಿ ಅದನ್ನು ಬಲ್ಲವನು ನೀರುಗಂಟಿ. ಯಾವ ತೂಬನ್ನು ಎಷ್ಟು ಎತ್ತಿದರೆ ಯಾರ ಹೊಲಕ್ಕೆ ನೀರು ಎಂಬುದು ಅವನೊಬ್ಬನ ತಲೆಯಲ್ಲಿ. ಅವನಿರುವವರೆಗೆ ಎಲ್ಲವೂ ಸರಾಗ. ಅವನು ಮಲಗಿದರೆ ಊರೆಲ್ಲ ಪರದಾಟ. ನೀರುಗಂಟಿಯನ್ನು ನಾವು ಗೌರವಿಸೋಣ. ಆದರೆ ತೂಬಿನ ಕಲ್ಲಿನ ಮೇಲೆ ನಾಲ್ಕು ಅಕ್ಷರ ಬರೆದಿಟ್ಟರೆ ಅವನಿಗೂ ಹೊರೆ ಇಳಿಯುತ್ತದೆ, ಮುಂದಿನವರಿಗೂ ದಾರಿ ಸಿಗುತ್ತದೆ.

ಅಂಗಡಿಯಲ್ಲಿ ಅಂದು ನಾವು ಮಾಡಿದುದೂ ಅಷ್ಟೇ. ಅಣ್ಣನ ಮಗಳು ಹೊರಡುವ ಮುನ್ನ ಒಂದು ಬಿಳಿಯ ಹಾಳೆಯನ್ನು ಕೇಳಿ ಪಡೆದೆ. ಮೇಲೆ ದಪ್ಪಕ್ಷರದಲ್ಲಿ ‘ಒತ್ತಕ್ಷರ ಒಡೆದರೆ’ ಎಂದು ಬರೆದೆ. ಅದರ ಕೆಳಗೆ ತೆಲುಗಿನಲ್ಲಿಯೂ ಅದೇ ಅರ್ಥದ ಮಾತನ್ನು ಹುಡುಗನಿಂದ ಬರೆಯಿಸಿದೆ. ಆಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಬಾಗಿಲುಗಳ ಹೆಸರು. ಯಂತ್ರದ ಪಟ್ಟಿಯಲ್ಲಿ ಇಂತಹುದರೊಳಗೆ ಇಂತಹುದಿದೆ ಎಂದು ಮೊದಲು ಬರೆಯಲು ಹೊರಟ ಹುಡುಗಿಯನ್ನು ನಾನೇ ತಡೆದೆ. “ಕಷ್ಟ ಮೊದಲು ಬರೀ ಮಗಳೇ, ಮದ್ದು ಆಮೇಲೆ. ಹುಡುಕೋರು ಕಷ್ಟ ಹಿಡ್ಕೊಂಡು ಬರ್ತಾರೆ, ಮದ್ದಿನ ಹೆಸರು ಹಿಡ್ಕೊಂಡು ಯಾರೂ ಬರೋದಿಲ್ಲ” ಎಂದೆ. ಅವಳಿಗೆ ಆ ಮಾತು ಹಿಡಿಸಿತು. ತನ್ನ ಕೆಲಸದಲ್ಲಿ ಹಿರಿಯರು ಹೇಳುವುದೂ ಇದನ್ನೇ ಎಂದಳು. ಹುಡುಗನು ಹಾಳೆಯನ್ನು ಪರದೆಯ ಹಿಂದಿನ ಗೋಡೆಗೆ ಅಂಟಿಸಿದನು. ಅದೇ ಸಂಜೆ ಅವನು ಮೊಬೈಲಿನಲ್ಲಿ ಬಂದ ಒಂದು ತೆಲುಗು ಒಕ್ಕಣೆಯನ್ನು ಇಳಿಸಿ ನೋಡಿ, “ಟೀಚರಮ್ಮ, ನಮ್ಮ ಒತ್ತುಗಳೂ ಕೂಡಿಕೊಂಡ್ವು!” ಎಂದು ಕೂಗಿದನು. ಎರಡು ಲಿಪಿಗಳ ಕಷ್ಟ ಒಂದೇ ಆಗಿದ್ದಿತು. ಒಂದೇ ಗುಂಡಿಯಿಂದ ಎರಡೂ ನೆಟ್ಟಗಾದವು.

ಕೆಲವು ತಿಂಗಳ ತರುವಾಯ ಹೋದಾಗ ಗೋಡೆಯ ಮೇಲೆ ಇನ್ನೂ ಮೂರು ಹಾಳೆಗಳಿದ್ದವು, ಹುಡುಗನದೇ ಬರೆಹ. ‘ಫೋಟೋ ಮಸುಕಾದರೆ’, ‘ಬಣ್ಣ ಅಚ್ಚಿನಲ್ಲಿ ಬೇರೆ ಬಂದರೆ’, ‘ಅಳತೆ ತಪ್ಪಿದರೆ’. ಪಕ್ಕದ ಬೀದಿಯ ಅಂಗಡಿಯವನು ಬಂದು ಅವುಗಳ ಚಿತ್ರ ತೆಗೆದುಕೊಂಡು ಹೋದನಂತೆ. ಈಚಿನ ಆವೃತ್ತಿಗಳಲ್ಲಿ ಒತ್ತಿನ ತೊಡಕು ಬಹುಮಟ್ಟಿಗೆ ಕಡಿಮೆಯಾಗಿದೆಯೆಂದು ಅಣ್ಣನ ಮಗಳು ಹೇಳುತ್ತಾಳೆ. ಸಂತೋಷವೇ. ಆದರೆ ನಮ್ಮ ಸಣ್ಣ ಊರುಗಳ ಅಂಗಡಿಗಳಲ್ಲಿ ಹಳೆಯ ಆವೃತ್ತಿಗಳು ಬೇಗ ಸಾಯುವುದಿಲ್ಲ. ಒಂದು ತೊಡಕು ತೀರಿದರೆ ಇನ್ನೊಂದು ಬರುತ್ತದೆ. ಹಾಳೆ ಬರೆಯುವ ಅಭ್ಯಾಸವೊಂದು ಉಳಿದರೆ ಸಾಕು.

ಗಡಿಯಾಚೆಯ ಕನ್ನಡವು ಏಕೆ ಕ್ಷೀಣಿಸುತ್ತಿದೆ ಎಂಬ ಮಾತು ನಮ್ಮ ಸಭೆಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಸರಕಾರ, ಶಾಲೆ, ನೌಕರಿ ಎಂದು ದೊಡ್ಡ ದೊಡ್ಡ ಕಾರಣಗಳನ್ನು ಹೇಳುತ್ತೇವೆ. ಅವೆಲ್ಲವೂ ನಿಜವಿದ್ದೀತು. ಆದರೆ ನನ್ನ ಕಣ್ಣೆದುರಿಗೆ, ನನ್ನದೇ ಒಪ್ಪಿಗೆಯಿಂದ, ಒಂದು ಮನೆಯ ಪತ್ರಿಕೆಯಿಂದ ಕನ್ನಡವು ಹೊರಗೆ ಹೋದುದು ಒಂದು ಸಣ್ಣ ಗುಂಡಿ ಸಿಗಲಿಲ್ಲವೆಂಬ ಕಾರಣದಿಂದ. ಮದುವೆಯ ಕರೆಯೋಲೆ, ಅಂಗಡಿಯ ಫಲಕ, ಜಾತ್ರೆಯ ಹಸ್ತಪತ್ರ ಇವುಗಳಲ್ಲಿ ಇನ್ನೆಷ್ಟು ಕಡೆ ಹೀಗೆ ರಾತ್ರಿ ಹತ್ತು ಗಂಟೆಯ ಹೊತ್ತಿಗೆ ದಣಿದು ತಲೆಯಾಡಿಸಿದವರು ಇರಬಹುದು? ಅವರನ್ನು ನಾನು ದೂರಲಾರೆ.

೨೦೧೯ರ ಜನವರಿಯಲ್ಲಿ ಅವ್ವನ ವರ್ಷದ ಕಾರ್ಯ ನಡೆಯಿತು. ಪತ್ರಿಕೆಯ ಒಂದು ಬದಿಯಲ್ಲಿ ಕನ್ನಡ, ಇನ್ನೊಂದು ಬದಿಯಲ್ಲಿ ತೆಲುಗು. ಒತ್ತಕ್ಷರಗಳೆಲ್ಲ ಸರಿಯಾಗಿದ್ದವು. ಮೊದಲನೆಯ ಪ್ರತಿಯನ್ನು ಅವಳ ಭಾವಚಿತ್ರದ ಮುಂದಿಟ್ಟೆ. ತರುವಾಯ ಅಡುಗೆಮನೆಗೆ ಹೋಗಿ, ಅತ್ತಿಗೆಯೂ ನಾನೂ ಸೇರಿ, ಅಡಕಲು ಗಡಿಗೆಗಳನ್ನು ಒಂದೊಂದಾಗಿ ಇಳಿಸಿ, ಪ್ರತಿಯೊಂದರ ಮೇಲೂ ಸುಣ್ಣದಿಂದ ಹೆಸರು ಬರ��ದೆವು. ನಾಲ್ಕನೆಯ ಗಡಿಗೆಯ ಮೇಲೆ ‘ಎಳ್ಳು’ ಎಂದು ಬರೆಯುವಾಗ ‘ಳ’ಕಾರದ ಕೆಳಗೆ ಒತ್ತನ್ನು ನಿಧಾನವಾಗಿ, ತುಸು ದೊಡ್ಡದಾಗಿಯೇ ಬರೆದೆ.